ಆಟಿಸಂ ಇರುವ ಮಗ, ಐದು ವರ್ಷದ ಮಗಳು: ಇಬ್ಬರಿಗೂ ಮನೆಯಲ್ಲೇ ಪಾಠ ಮಾಡಲು ಜೂನ್‌ಗೆ ಮೊದಲು ಏನೇನು ಸಿದ್ಧತೆ ಬೇಕು?

ಪ್ರಶ್ನೆ: ನಾಪೋಕ್ಲು ಕಡೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ನಾಪೋಕ್ಲಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಮನೆಯಲ್ಲಿ ಇರುವವರು. ಮಗನಿಗೆ ಆರೂವರೆ ವರ್ಷ, ಮಗಳಿಗೆ ಐದು. ಮಗನಿಗೆ ಆಟಿಸಂ ಇದೆಯೆಂದು ಮೂರನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ತೋರಿಸಿದಾಗ ತಿಳಿಯಿತು. ಬಿಡಿ ಪದಗಳನ್ನು ಆಡುತ್ತಾನೆ, ಬೇಕಾದದ್ದಿದ್ದರೆ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾನೆ. ಅಂಕಿಗಳೆಂದರೆ ಅವನಿಗೆ ಪ್ರಾಣ; ಕ್ಯಾಲೆಂಡರ್ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ. ಆದರೆ ತರಗತಿಯ ಗದ್ದಲ ಅವನಿಂದ ಸಹಿಸಲಾಗುವುದಿಲ್ಲ. ತಿರುವುಗಳ ರಸ್ತೆಯಲ್ಲಿ ಶಾಲೆಯ ವ್ಯಾನಿನಲ್ಲಿ ಹೋಗಿಬರುವಷ್ಟರಲ್ಲಿ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು, ಮನೆಗೆ ಬಂದ ಮೇಲೆ ಊಟವನ್ನೂ ಬಿಟ್ಟು ಮಲಗಿಬಿಡುತ್ತಾನೆ. ಅವನು ಹೋಗುತ್ತಿದ್ದ ಖಾಸಗಿ ಶಾಲೆಯವರು ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ.

ಹಾಗಾಗಿ ಒಂದೆರಡು ವರ್ಷ ಅವನಿಗೆ ಮನೆಯಲ್ಲೇ ಕಲಿಸೋಣ, ಹೇಗಿದ್ದರೂ ನಾನು ಕೂರುವವಳೇ ಆದ್ದರಿಂದ ಮಗಳಿಗೂ ಜೊತೆಯಲ್ಲೇ ಕಲಿಸೋಣ ಎಂದು ನಾನೂ ನಮ್ಮ ಮನೆಯವರೂ ಯೋಚಿಸಿದ್ದೇವೆ. ನಾನು ಬಿ.ಎಸ್ಸಿ. ಓದಿದ್ದೇನೆ, ಆದರೆ ಶಿಕ್ಷಕಿಯ ತರಬೇತಿ ಇಲ್ಲ. ಹೀಗೆ ಮಾಡಿದರೆ ಕಾನೂನಿನ ತೊಡಕು ಬರುತ್ತದೆಯೇ, ಮುಂದೆ ಶಾಲೆಗೆ ಮರಳಲು ದಾರಿ ಇರುತ್ತದೆಯೇ ಎಂಬುದು ಮೊದಲ ಆತಂಕ. ಎರಡನೆಯದು ಭಾಷೆಯದು. ಅತ್ತೆಯವರು ಅವನೊಂದಿಗೆ ಕೊಡವ ತಕ್ಕ್‌ನಲ್ಲೇ ಮಾತನಾಡುತ್ತಾರೆ, ನಾನು ಹಾಸನದ ಕಡೆಯವಳಾದ್ದರಿಂದ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಒಂದೇ ಭಾಷೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಾತು ಬರುವುದಿಲ್ಲ ಎಂದು ಬಂದವರೆಲ್ಲ ಹೇಳುತ್ತಾರೆ. ಅದನ್ನು ಕೇಳಿ ಅತ್ತೆಯವರು ಈಗ ಅವನೊಂದಿಗೆ ಮಾತನಾಡಲೇ ಹಿಂಜರಿಯುತ್ತಿದ್ದಾರೆ. ಮೂರನೆಯದು, ದಿನ ಹೇಗಿರಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಸೋಮವಾರಪೇಟೆಯಿಂದ ಒಬ್ಬ ತಾಯಿ

ನಮಸ್ಕಾರ. ನನ್ನ ಮಗನಿಗೂ ಆಟಿಸಂ ಇದೆ, ಕೆಲವು ವರ್ಷಗಳಿಂದ ಮನೆಯಲ್ಲೇ ಕಲಿಯುತ್ತಿದ್ದಾನೆ. ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ಉಳಿದ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ: ಪುಸ್ತಕ ಕೊಳ್ಳುವ ಮೊದಲು ದಿನವನ್ನು ಕಟ್ಟಿಕೊಳ್ಳಿ. ಈಗ ಏನು ನಡೆಯುತ್ತಿದೆ, ಇದಾದ ಮೇಲೆ ಏನು, ಇದು ಯಾವಾಗ ಮುಗಿಯುತ್ತದೆ ಎಂಬ ಮೂರು ಸಂಗತಿಗಳು ಗೊತ್ತಿಲ್ಲದಿದ್ದಾಗಲೇ ಈ ಮಕ್ಕಳ ಅರ್ಧ ಶಕ್ತಿ ಸೋರಿಹೋಗುತ್ತದೆ. ಬಾಯಲ್ಲಿ ಎಷ್ಟು ಹೇಳಿದರೂ ಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಕಣ್ಣೆದುರು ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಅವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಉದ್ದನೆಯ ಪಟ್ಟಿ ಇದೆ. ಅದಕ್ಕೆ ವೆಲ್ಕ್ರೋ ಅಂಟಿಸಿ, ಹಲ್ಲುಜ್ಜುವುದು, ತಿಂಡಿ, ಪಾಠದ ಮೇಜು, ಉಯ್ಯಾಲೆ, ಸ್ನಾನ, ತೋಟದಲ್ಲಿ ಒಂದು ಸುತ್ತು, ಹೀಗೆ ಒಂದೊಂದು ಕಾರ್ಡ್ ಹಚ್ಚಿದ್ದೇವೆ. ಇಂಟರ್ನೆಟ್‌ನ ಗೊಂಬೆಚಿತ್ರಗಳಿಗಿಂತ ನಿಮ್ಮದೇ ಬಚ್ಚಲು, ನಿಮ್ಮದೇ ತಟ್ಟೆ, ನಿಮ್ಮದೇ ಮೆಟ್ಟಿಲನ್ನು ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ. ಲ್ಯಾಮಿನೇಷನ್ ಮಾಡಿಸುವುದನ್ನು ಮಾತ್ರ ಮರೆಯಬೇಡಿ, ನಮ್ಮ ಮಳೆಗಾಲದಲ್ಲಿ ಬರೀ ಕಾಗದಕ್ಕೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ಅವನೇ ಆ ಕಾರ್ಡನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತಾನೆ. ಆ ಕಿತ್ತು ಹಾಕುವ ಶಬ್ದವೇ ಅವನಿಗೆ 'ಮುಗಿಯಿತು' ಎಂಬ ಭರವಸೆ. ಇಡೀ ದಿನದ ಪಟ್ಟಿ ಮೊದಲಿಗೆ ಭಾರವಾದರೆ, 'ಮೊದಲು ಇದು, ಆಮೇಲೆ ಅದು' ಎಂಬ ಎರಡೇ ಮನೆಗಳ ಹಲಗೆಯಿಂದ ಆರಂಭಿಸಿ. ನಿಮ್ಮ ಮಗನಿಗೆ ಅಂಕಿಗಳು ಇಷ್ಟವೆಂದಿರಿ. ಹಾಗಾದರೆ ಕಾರ್ಡ್‌ಗಳಿಗೆ ಸಂಖ್ಯೆ ಹಾಕಿ, ಮರಳಿನ ಗಡಿಯಾರವನ್ನೋ ಮೊಬೈಲಿನ ಟೈಮರನ್ನೋ ಪಕ್ಕದಲ್ಲಿಡಿ. ಇಷ್ಟವಾದುದರ ಮೂಲಕವೇ ಕಷ್ಟವಾದುದಕ್ಕೆ ಕರೆದೊಯ್ಯಬಹುದು.

ಕೊಡಗಿನಲ್ಲಿ ದಿನ ಕೆಡುವುದು ನಮ್ಮ ಕೈಯಲ್ಲಿಲ್ಲದ ಕಾರಣಗಳಿಗೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಜುಲೈ ತಿಂಗಳಲ್ಲಿ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಆದ್ದರಿಂದ 'ಕರೆಂಟ್ ಇಲ್ಲ' ಎಂಬುದಕ್ಕೂ ಒಂದು ಕಾರ್ಡ್ ಮಾಡಿ, ಅದು ಬಂದ ದಿನ ಯಾವ ಚಟುವಟಿಕೆಯ ಬದಲಿಗೆ ಯಾವುದು ಎಂದು ಬೇಸಿಗೆಯಲ್ಲೇ ಆಡಿಸಿ ತೋರಿಸಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಕೋಣೆಯಲ್ಲಿ ಪಾಠ ಇಟ್ಟುಕೊಳ್ಳಬೇಡಿ, ಹೆಂಚಿನ ಕೋಣೆ ಇದ್ದರೆ ಅದೇ ವಾಸಿ. ಕಳೆ ಕೊಚ್ಚುವ ಯಂತ್ರ, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಇವುಗಳ ಸದ್ದಿಗೆ ಕಿವಿಯ ಮೇಲೆ ಕೂರುವ ಶಬ್ದತಡೆ ಹೆಡ್‌ಫೋನ್ ತರಿಸಿಡಿ. ನಮ್ಮ ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು (ಭತ್ತದ ತೆನೆ) ತೆಗೆಯುವಾಗ ಹಾರಿಸುವ ಕೋವಿಯ ಶಬ್ದಕ್ಕಂತೂ ವಾರಗಳ ಮೊದಲೇ ಸಿದ್ಧತೆ ಬೇಕು. ಗದ್ದೆಗೆ ಹೋಗುವುದು, ಮಾವ ಕೋವಿ ಎತ್ತುವುದು, ನಾನು ಕಿವಿ ಮುಚ್ಚಿಕೊಳ್ಳುವುದು, ಢಂ ಎನ್ನುವುದು, ಕದಿರು ಹಿಡಿದು ಮನೆಗೆ ಬರುವುದು ಎಂದು ನಾಲ್ಕೈದು ಚಿತ್ರಗಳ ಪುಟ್ಟ ಪುಸ್ತಕ ಮಾಡಿ ದಿನವೂ ಓದಿ ಹೇಳುತ್ತೇವೆ. ಈಗ ಅವನು ದೂರದಲ್ಲಿ ಜೀಪಿನೊಳಗೆ ಕುಳಿತು ಅದನ್ನು ನೋಡುತ್ತಾನೆ.

ಮೊದಲ ಕೆಲವು ವಾರ ಅಕ್ಷರ, ಲೆಕ್ಕ ಏನೂ ಬೇಡ. ಮೇಜಿನ ಹತ್ತಿರ ಬರುವುದು, ಇಷ್ಟದ ಒಂದು ಆಟ ಆಡುವುದು, ಮುಗಿಸಿ ಏಳುವುದು, ಅಷ್ಟೇ ಪಾಠ. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ನಡುವೆ ಮೈ ದಣಿಯುವ ಕೆಲಸ. ಒಂದು ಬುಟ್ಟಿ ಸೌದೆ ಒಳಗೆ ತರುವುದು, ಕಣದಲ್ಲಿ ಒಣಗುವ ಕಾಫಿಯನ್ನು ಹರಡುವುದು, ನೀರು ತುಂಬಿದ ಬಕೆಟ್ ಎತ್ತುವುದು, ಇಂಥ ಭಾರದ ಕೆಲಸದ ನಂತರ ನನ್ನ ಮಗ ಶಾಂತವಾಗಿ ಕೂರುತ್ತಾನೆ. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನಿಮ್ಮ ಮಗನಿಗಿದ್ದರೆ ಎಣಿಕೆಗೆ ಕಾಫಿ ಬೀಜ, ಕರಿಮೆಣಸು ಕೊಡಬೇಡಿ, ದೊಡ್ಡ ಮರದ ತುಂಡುಗಳು ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಆಟಿಸಂ ಇರುವ ಮಕ್ಕಳು ಹೇಳದೆ ಹೊರಟುಬಿಡುವುದು ಸಾಮಾನ್ಯ, ಮತ್ತು ಹಾಗೆ ಹೊರಟ ಮಕ್ಕಳಲ್ಲಿ ಬಹಳ ಮಂದಿ ನೀರಿನ ಕಡೆಗೆ ಹೋಗುತ್ತಾರೆ. ಮುಳುಗುವುದು ಈ ಮಕ್ಕಳ ಸಾವಿನ ಮುಖ್ಯ ಕಾರಣಗಳಲ್ಲಿ ಒಂದು ಎಂದು ಅಧ್ಯಯನಗಳು ಹೇಳುತ್ತವೆ. ನಮ್ಮ ಪ್ರತಿಯೊಂದು ತೋಟದಲ್ಲೂ ಕೆರೆ ಇದೆ, ಬೇಲಿ ಇರುವ ಕೆರೆ ಕಡಿಮೆ. ಮಗು ದಿನವಿಡೀ ಮನೆಯಲ್ಲೇ ಇರುತ್ತದೆ ಎಂದು ನಿರ್ಧರಿಸಿದ ಮೇಲೆ ಮೊದಲ ಖರ್ಚು ಕೆರೆಯ ಬೇಲಿ, ಬಾಗಿಲಿನ ಮೇಲ್ಚಿಲಕ ಮತ್ತು ಗೇಟಿನ ಗಂಟೆಗೆ ಆಗಲಿ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆಲ್ಲ ಅವನ ಪರಿಚಯ ಮಾಡಿಸಿ, ಒಂಟಿಯಾಗಿ ಕಂಡರೆ ಗದರದೆ ಕೈ ಹಿಡಿದು ಮನೆಗೆ ಕರೆತರುವಂತೆ ಹೇಳಿಡಿ. ಕಾಡಾನೆ ಓಡಾಡುವ ಜಾಗವಾದರೆ ಇದು ಇನ್ನೂ ಅಗತ್ಯ.

ಉತ್ತರ: ವಿರಾಜಪೇಟೆಯ ನಿವೃತ್ತ ಸಂಪನ್ಮೂಲ ಶಿಕ್ಷಕರು

ತಾಯಿಯವರಿಗೆ ನಮಸ್ಕಾರ. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಾನೂನಿನ ಸ್ಥಿತಿ ಹೀಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆ, ಆದರೆ ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡನೆಯನ್ನು ಇಟ್ಟಿಲ್ಲ. ಸಾಮಾನ್ಯ ಮಕ್ಕಳ ಮನೆಶಿಕ್ಷಣದ ಬಗ್ಗೆ ಅದು ಮೌನವಾಗಿದೆ. ಅಂಗವಿಕಲ ಮಕ್ಕಳ ವಿಷಯದಲ್ಲಿ ಮಾತ್ರ 2012ರ ತಿದ್ದುಪಡಿ ಬಾಯಿ ಬಿಟ್ಟು ಹೇಳಿದೆ: ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಆಟಿಸಂ ಅನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣವೆಂದು ದೃಢೀಕರಣವಾದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಷ್ಟಪಟ್ಟ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಬೇರೆ ಕಡೆ ನೋಡಿಕೊಳ್ಳಿ ಎಂಬ ಬಾಯಿಮಾತಿಗೆ ಈ ಕಾನೂನುಗಳಲ್ಲಿ ಎಲ್ಲಿಯೂ ನೆಲೆಯಿಲ್ಲ. ಅದನ್ನು ನೀವು ತಿಳಿದಿರಬೇಕು.

ಆದ್ದರಿಂದ ನನ್ನ ಸಲಹೆ: ಮನೆಯಲ್ಲಿ ಕಲಿಸಿ, ಆದರೆ ಹೆಸರನ್ನು ಶಾಲೆಯಿಂದ ಹೊರಗೆ ಬಿಡಬೇಡಿ. ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಗನನ್ನು ದಾಖಲಿಸಿ, ಗೃಹಾಧಾರಿತ ಶಿಕ್ಷಣಕ್ಕಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಿ. 'ಸಮಗ್ರ ಶಿಕ್ಷಣ' ಎಂಬ ಸರ್ಕಾರಿ ಯೋಜನೆಯ ಅಡಿಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಮೊದಲು ಕಾಣಿ. ಮಡಿಕೇರಿ ತಾಲ್ಲೂಕಿನವರಾದ ನಿಮಗೆ ಕಚೇರಿ ಮಡಿಕೇರಿಯಲ್ಲೇ ಆಗುತ್ತದೆ. ದಾಖಲಾತಿ ಇದ್ದರೆ ಪಠ್ಯಪುಸ್ತಕ ಮನೆಗೆ ಬರುತ್ತದೆ, ಇಲಾಖೆಯ ಲೆಕ್ಕದಲ್ಲಿ ಮಗು ಶಾಲೆ ಬಿಟ್ಟವನಾಗುವುದಿಲ್ಲ, ವಾರಕ್ಕೆ ಒಂದೋ ಎರಡೋ ದಿನ ಒಂದು ಗಂಟೆ ಶಾಲೆಗೆ ಕರೆದೊಯ್ದು ಬಿಸಿಯೂಟಕ್ಕೆ ಕೂರಿಸುವ ದಾರಿಯೂ ತೆರೆದಿರುತ್ತದೆ. ಒಂದು ವೇಳೆ ಹೆಸರು ಬಿಟ್ಟುಹೋದರೂ ಗಾಬರಿ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮಿನಂತೆ ಮರಳಿ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಇನ್ನೂ ಮುಂದೆ ನೋಡಿದರೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5 ಮತ್ತು 8ನೆಯ ತರಗತಿಗೆ ಸಮನಾದ ಮೂರು ಹಂತಗಳಿವೆ, 14 ತುಂಬಿದ ಮೇಲೆ ಹತ್ತನೆಯ ತರಗತಿಗೂ ನೋಂದಾಯಿಸಬಹುದು. ಅಂಗವಿಕಲ ವಿದ್ಯಾರ್ಥಿಗಳಿಗೆ ಹೆಚ್ಚಿನ ಸಮಯ ಮತ್ತು ಬರೆಯುವ ಸಹಾಯಕರ ಸೌಲಭ್ಯ ಅಲ್ಲಿದೆ.

ಪ್ರಮಾಣಪತ್ರ ಮಾಡಿಸಿದ್ದೀರಾ ಎಂದು ನೀವು ಬರೆದಿಲ್ಲ. ರೋಗನಿರ್ಣಯದ ವರದಿ ಬೇರೆ, ಅಂಗವೈಕಲ್ಯ ಪ್ರಮಾಣಪತ್ರ ಬೇರೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಮಗುವನ್ನು ಕರೆದೊಯ್ಯಬೇಕಾಗುತ್ತದೆ. ಅಲ್ಲಿ ಆಟಿಸಂ ಅಳೆಯುವುದು 40 ಅಂಶಗಳ ಭಾರತೀಯ ಮಾಪಕದಿಂದ. ಮಗು ಆ ಒಂದು ಗಂಟೆಯಲ್ಲಿ ಹೇಗಿರುತ್ತಾನೋ ಗೊತ್ತಿಲ್ಲವಾದ್ದರಿಂದ ಮನೆಯ ನಡವಳಿಕೆಯ ಸಣ್ಣ ವಿಡಿಯೊಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಕಾರ್ಡ್ ಬಂದರೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಪಾಠಕ್ರಮದ ವಿಷಯದಲ್ಲಿ ದೂರ ಹುಡುಕಬೇಡಿ. ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯಲೆಂದೇ ರೂಪಿಸಿದ್ದು. ಅದರಲ್ಲಿ ಅ, ಆ, ಇ, ಈ ಎಂದು ಆರಂಭವಿಲ್ಲ; ರ, ಗ, ಸ, ದ, ಅ ಎಂಬ ಐದು ಅಕ್ಷರ ಮೊದಲು. ಬರೆಯಲು ಸುಲಭ, ಮತ್ತು ಈ ಐದರಿಂದಲೇ ಸರ, ರಸ, ಅರಸ, ಅಗಸ, ಗರಗಸ ಎಂದು ಪದಗಳನ್ನು ಕಟ್ಟಬಹುದು. ಮಾತು ಕಡಿಮೆ ಇರುವ ಮಗುವಿಗೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ, ಗರಗಸದ ಚಿತ್ರದ ಕೆಳಗೆ ಇಡಲು ಹೇಳಿ. ಬಾಯಿಂದ ಹೇಳಿಸಲೇಬೇಕೆಂಬ ಹಟ ಬೇಡ. ಸರಿಯಾದ ಜಾಗದಲ್ಲಿ ಇಟ್ಟನೆಂದರೆ ಓದಿದ ಹಾಗೆಯೇ. ಪೆನ್ಸಿಲ್ ಹಿಡಿಯಲು ಕಷ್ಟಪಟ್ಟರೆ ಬರವಣಿಗೆಗಾಗಿ ಓದನ್ನು ತಡೆದು ನಿಲ್ಲಿಸಬೇಡಿ.

ಉತ್ತರ: ಮೈಸೂರಿನಲ್ಲಿರುವ ವಾಕ್ ಚಿಕಿತ್ಸಕಿ, ತವರು ಗೋಣಿಕೊಪ್ಪಲು

ಅಕ್ಕಾ, ನಿಮ್ಮ ಅತ್ತೆಯವರಿಗೆ ದಯವಿಟ್ಟು ಇವತ್ತೇ ಹೇಳಿ: ಅವರು ಕೊಡವ ತಕ್ಕ್‌ನಲ್ಲೇ ಮಾತನಾಡಲಿ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳನ್ನು ಒಂದೇ ಭಾಷೆಯ ಮನೆಯ ಆಟಿಸಂ ಮಕ್ಕಳೊಂದಿಗೆ ಹೋಲಿಸಿ ನಡೆಸಿದ ಅಧ್ಯಯನಗಳು, ಎರಡನೆಯ ಭಾಷೆಯಿಂದ ಮಾತು ಹಿಂದೆ ಬೀಳುತ್ತದೆ ಎಂಬ ನಂಬಿಕೆಯನ್ನು ಸಮರ್ಥಿಸಿಲ್ಲ. ಮಗುವಿನ ನಷ್ಟ ನಿಜವಾಗಿ ಆಗುವುದು, ದಿನವಿಡೀ ಅವನ ಜೊತೆಗಿರುವ ಅಜ್ಜಿ ತನಗೆ ಸಹಜವಲ್ಲದ ಭಾಷೆಯಲ್ಲಿ ಎರಡೇ ಮಾತು ಆಡಿ ಸುಮ್ಮನಾದಾಗ. ಕೊಡಗಿನ ಮನೆಗಳಲ್ಲಿ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ ಒಟ್ಟಿಗೆ ಕಿವಿಗೆ ಬೀಳುವುದು ನಮ್ಮ ಬದುಕು, ಅವನೂ ಆ ಬದುಕಿನವನೇ. ಪಾಠದ ಮೇಜಿನಲ್ಲಿ ಮಾತ್ರ ಕನ್ನಡ ಒಂದನ್ನೇ ಇಟ್ಟುಕೊಳ್ಳಿ, ಇಂಗ್ಲಿಷ್ ಆಮೇಲೆ ಬರಲಿ.

ಚಿತ್ರದ ಕಾರ್ಡ್ ಕೊಟ್ಟರೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾನೆ ಎಂಬ ಭಯವೂ ಬೇಡ. ಕೈ ಹಿಡಿದು ಎಳೆಯುವ ಜಾಗದಲ್ಲಿ ಚಿತ್ರ ತೋರಿಸಿ ಕೇಳಲು ಕಲಿತ ಮಗುವಿಗೆ ಮಾತು ಕಡಿಮೆಯಾಗುವುದಿಲ್ಲ, ಕೆಲವರಲ್ಲಿ ಹೆಚ್ಚುತ್ತದೆ. ಅವನು ನೀರಿನ ಚಿತ್ರ ಕೊಟ್ಟಾಗ ನೀವು 'ನೀರು' ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ, ಕೂಡಲೇ ಕೊಡಿ. 'ಹೇಳು, ಹೇಳಿದರೆ ಮಾತ್ರ ಕೊಡುತ್ತೇನೆ' ಎನ್ನಬೇಡಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ, ಉತ್ತರ ಸಿದ್ಧಪಡಿಸಿಕೊಳ್ಳಲು ಅವನಿಗೆ ಅಷ್ಟು ಹೊತ್ತು ಬೇಕು.

ಮೂರನೆಯ ವಯಸ್ಸಿನ ನಂತರ ಮರುಪರೀಕ್ಷೆ ಆಗಿಲ್ಲದಿದ್ದರೆ ಮೇ ತಿಂಗಳೊಳಗೆ ಒಮ್ಮೆ ಶ್ರವಣ ಪರೀಕ್ಷೆಯನ್ನೂ ಸೇರಿಸಿ ಮಾಡಿಸಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಲ್ಲವೂ ಒಂದೇ ಆವರಣದಲ್ಲಿ ಆಗುತ್ತದೆ. ಪ್ರತಿ ವಾರ ಮೈಸೂರಿಗೆ ಬರುವುದು ನಿಮ್ಮಿಂದ ಆಗದ ಮಾತು, ಹಾಗಾಗಿ ಮನೆಯಲ್ಲಿ ಮಾಡಿಸಬೇಕಾದದ್ದನ್ನು ನಿಮಗೇ ಕಲಿಸಿಕೊಡಿ ಎಂದು ಮೊದಲೇ ಕೇಳಿ. ಸುಂಟಿಕೊಪ್ಪದಲ್ಲಿ ಸ್ವಸ್ಥ ಎಂಬ ವಿಶೇಷ ಶಿಕ್ಷಣ ಕೇಂದ್ರವಿದೆ, ಅಲ್ಲಿಗೂ ಒಮ್ಮೆ ಹೋಗಿ ತರಗತಿ ಹೇಗೆ ನಡೆಯುತ್ತದೆ ಎಂದು ನೋಡಿ ಬನ್ನಿ.

ಉತ್ತರ: ಕುಶಾಲನಗರದ ಒಬ್ಬ ತಂದೆ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ, ತಪ್ಪು ತಿಳಿಯಬೇಡಿ. ಮಗನಿಗೆ ಮನೆಯೇ ಸರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ನೀವು ಕೊಟ್ಟಿರುವ ಕಾರಣ, ಹೇಗಿದ್ದರೂ ನಾನು ಕೂರುತ್ತೇನಲ್ಲ ಎಂಬುದೊಂದೇ. ಅದು ನಿಮ್ಮ ಅನುಕೂಲವೇ ಹೊರತು ಅವಳ ಅಗತ್ಯವಲ್ಲ. ನನ್ನ ಹಿರಿಯ ಮಗನಿಗೆ ಆಟಿಸಂ ಇದೆ, ಮಗಳು ಅವನಿಗಿಂತ ಚಿಕ್ಕವಳು. ಮನೆಯಲ್ಲಿ ಇಬ್ಬರೂ ಇದ್ದಾಗ ಗೊತ್ತಿಲ್ಲದೆಯೇ ಅವಳು ಅವನ ಆಯಾ ಆಗುತ್ತಾಳೆ: ಅಣ್ಣ ಎಲ್ಲಿ ನೋಡು, ಅಣ್ಣನಿಗೆ ಕೊಡು, ಅಣ್ಣ ಅಳುತ್ತಾನೆ ನೀನು ಬಿಡು. ಐದು ವರ್ಷದ ಹುಡುಗಿಗೆ ತನ್ನದೇ ಗೆಳತಿಯರು, ತನ್ನದೇ ಟೀಚರ್, ಅಣ್ಣನ ವಿಷಯವಿಲ್ಲದ ಕೆಲವು ಗಂಟೆಗಳು ಬೇಕು. ಅವಳು ಶಾಲೆಯಲ್ಲಿರುವ ಹೊತ್ತು ಮಗನಿಗೂ ನಿಮಗೂ ಗದ್ದಲವಿಲ್ಲದ ಹೊತ್ತಾಗುತ್ತದೆ. ಸಂಜೆ ಅವಳೊಬ್ಬಳಿಗೇ ಎಂದು ಅರ್ಧ ಗಂಟೆ ಎತ್ತಿಡಿ, ಆ ಹೊತ್ತು ಮಗನನ್ನು ನಿಮ್ಮ ಮನೆಯವರು ನೋಡಿಕೊಳ್ಳಲಿ. ಅಷ್ಟನ್ನು ಅವರು ಮಾಡಲೇಬೇಕು. ಪಾಠ, ಅಡುಗೆ, ಥೆರಪಿ ಮೂರೂ ಒಬ್ಬರ ಹೆಗಲ ಮೇಲೆ ಬಿದ್ದ ಮನೆಗಳಲ್ಲಿ ಮನೆಶಿಕ್ಷಣ ಎರಡನೆಯ ಮಳೆಗಾಲದವರೆಗೆ ಉಳಿದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಭಾಷೆಯ ಬಗ್ಗೆ ಬಂದ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಎದ್ದುಹೋಗಿ, ಮೊಮ್ಮಗನನ್ನು ಕರೆದು ಕೂರಿಸಿಕೊಂಡು ತಕ್ಕ್‌ನಲ್ಲಿ ಕೋಳಿಮರಿಗಳನ್ನು ಎಣಿಸಿ ತೋರಿಸತೊಡಗಿದರು. ಕುಶಾಲನಗರದ ಸರ್ ಅವರ ಮಾತನ್ನು ನಾವಿಬ್ಬರೂ ಕುಳಿತು ಚರ್ಚಿಸಿದೆವು, ಮಗಳನ್ನು ಹತ್ತಿರದ ಸರ್ಕಾರಿ ಶಾಲೆಗೇ ಕಳಿಸಲು ನಿರ್ಧರಿಸಿದ್ದೇವೆ. ಆನೆಯ ಭಯವಿರುವುದರಿಂದ ಬೆಳಿಗ್ಗೆ ನಮ್ಮವರು ಜೀಪಿನಲ್ಲಿ ಬಿಟ್ಟುಬರುತ್ತಾರೆ. ಮಗನ ಹೆಸರನ್ನೂ ಅದೇ ಶಾಲೆಯಲ್ಲಿ ದಾಖಲಿಸುತ್ತೇವೆ. ಕೆರೆಗೆ ಬೇಲಿಯ ಕೆಲಸ ಈ ವಾರ ಶುರುವಾಗುತ್ತದೆ. ಉಳಿದಿರುವುದು ಒಂದೇ ಪ್ರಶ್ನೆ. ಪರೀಕ್ಷೆ, ಅಂಕ ಇಲ್ಲದಿರುವಾಗ ಅವನು ಕಲಿಯುತ್ತಿದ್ದಾನೆ ಎಂದು ನನಗೆ ಹೇಗೆ ತಿಳಿಯಬೇಕು, ಇಲಾಖೆಯವರು ಬಂದರೆ ಏನನ್ನು ತೋರಿಸಬೇಕು?

ಉತ್ತರ: ವಿರಾಜಪೇಟೆಯ ನಿವೃತ್ತ ಸಂಪನ್ಮೂಲ ಶಿಕ್ಷಕರು

ಒಳ್ಳೆಯ ಪ್ರಶ್ನೆ ತಾಯಿ. ಸಂಪನ್ಮೂಲ ಶಿಕ್ಷಕರು ಮಗುವಿಗಾಗಿ ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಬರೆಯುತ್ತಾರೆ, ಅದನ್ನು ನಿಮ್ಮ ಎದುರಿನಲ್ಲೇ ಬರೆಯುವಂತೆ ಕೇಳಿ. ಮೂರು ತಿಂಗಳಿಗೆ ಮೂರು ಗುರಿಗಿಂತ ಹೆಚ್ಚು ಬೇಡ, ಮತ್ತು ಪ್ರತಿಯೊಂದೂ ಕಣ್ಣಿಗೆ ಕಾಣುವಂತಿರಲಿ. 'ಸಂವಹನ ಸುಧಾರಿಸುವುದು' ಎಂದು ಬರೆದರೆ ಅದು ಆಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. 'ಬಚ್ಚಲಿಗೆ ಹೋಗಬೇಕಾದಾಗ ತಾನೇ ಚಿತ್ರ ತಂದು ಕೊಡುತ್ತಾನೆ', 'ಹತ್ತರೊಳಗಿನ ಅಂಕಿಗೆ ಸರಿಯಾಗಿ ಅಷ್ಟೇ ಚಮಚಗಳನ್ನು ಊಟದ ಮೇಜಿಗೆ ಇಡುತ್ತಾನೆ', 'ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ' ಎಂದು ಬರೆದರೆ ಅತ್ತೆಯವರೂ ನೋಡಿ ಹೇಳಬಲ್ಲರು. ಅಂಕಿ ಗುರುತಿಸುವುದು ಬೇರೆ, ಅಷ್ಟು ವಸ್ತುಗಳನ್ನು ಎಣಿಸಿ ಕೊಡುವುದು ಬೇರೆ. ಕ್ಯಾಲೆಂಡರ್ ಪ್ರೀತಿಸುವ ನಿಮ್ಮ ಮಗನಲ್ಲಿ ಮೊದಲನೆಯದು ಆಗಲೇ ಇದೆ ಎಂದು ತೋರುತ್ತದೆ, ಎರಡನೆಯದನ್ನು ಪರೀಕ್ಷಿಸಿ ನೋಡಿ.

ಪ್ರತಿ ಗುರಿಯ ಮುಂದೆ ದಿನವೂ ಒಂದು ಗುರುತು ಸಾಕು: ಸಹಾಯವಿಲ್ಲದೆ ಮಾಡಿದ, ತೋರಿಸಿದ ಮೇಲೆ ಮಾಡಿದ, ಕೈ ಹಿಡಿದು ಮಾಡಿಸಬೇಕಾಯಿತು. ಜ್ವರ, ನಿದ್ದೆ ಕೆಟ್ಟದ್ದು, ನೆಂಟರು ಬಂದದ್ದು, ಇವನ್ನೂ ಒಂದೊಂದು ಪದದಲ್ಲಿ ಬರೆದಿಡಿ, ಹಿಂಜರಿತ ಕಂಡಾಗ ಕಾರಣ ಅಲ್ಲಿಯೇ ಸಿಗುತ್ತದೆ. ತಿಂಗಳಿಗೊಮ್ಮೆ ಅದೇ ಕೆಲಸದ ಸಣ್ಣ ವಿಡಿಯೊ ತೆಗೆದು ದಿನಾಂಕ ಹಾಕಿ ಇಟ್ಟರೆ, ಭೇಟಿಗೆ ಬಂದವರಿಗೂ ಮುಂದೆ ಸೇರಿಸಿಕೊಳ್ಳುವ ಮುಖ್ಯೋಪಾಧ್ಯಾಯರಿಗೂ ಅದಕ್ಕಿಂತ ಒಳ್ಳೆಯ ದಾಖಲೆ ಬೇಡ. ಮಡಿಕೇರಿಯ ಕಚೇರಿಗೆ ಹೋಗುವಾಗ ಜನನ ಪ್ರಮಾಣಪತ್ರ, ಆಧಾರ್, ಮೈಸೂರಿನ ವರದಿ, ಯುಡಿಐಡಿ ಅರ್ಜಿಯ ಪ್ರತಿ ಮತ್ತು ಮನವಿಯ ಎರಡು ಪ್ರತಿಗಳನ್ನು ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಮೇ ಕೊನೆಯ ವಾರದೊಳಗೆ ಹೋದರೆ ಒಳ್ಳೆಯದು, ಶಾಲೆ ಶುರುವಾದ ಮೇಲೆ ಅವರೆಲ್ಲ ದಾಖಲಾತಿಯ ಕೆಲಸದಲ್ಲಿ ಮುಳುಗಿರುತ್ತಾರೆ.